ಕೋಡಿಯ ಕೆಳಗಿನ ಊರು

ಮುಂಬೈ, ಚೆನ್ನೈ, ಬೆಂಗಳೂರು. ಈ ಮೂರೂ ನಗರಗಳ ಪಾಲಿಕೆಗಳು ಒಂದರ ಹಿಂದೊಂದರಂತೆ ಹವಾಮಾನ ಕ್ರಿಯಾ ಯೋಜನೆ ಹೊರತಂದಿವೆ. ಮುಂಬೈಯದು 2022ರ ಮಾರ್ಚ್‌ನಲ್ಲಿ ಬಂತು, ಚೆನ್ನೈಯದು 2023ರ ಜೂನ್‌ನಲ್ಲಿ, ಬೆಂಗಳೂರಿನದು ಅದೇ ವರ್ಷದ ನವೆಂಬರ್‌ನಲ್ಲಿ. ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದರೆ ಒಂದೇ ಪ್ರೆಸ್ಸಿನಲ್ಲಿ ಅಚ್ಚಾದ ಮೂರು ಮನೆಗಳ ಲಗ್ನಪತ್ರಿಕೆ ಓದಿದ ಹಾಗಾಗುತ್ತದೆ. ಹೆಸರು ಬೇರೆ, ಊರು ಬೇರೆ, ಒಕ್ಕಣೆ ಒಂದೇ. ಮುಹೂರ್ತವೂ ಒಂದೇ: 2050. ಆ ವರ್ಷದ ಹೊತ್ತಿಗೆ ಗಾಳಿಗೆ ಬಿಡುವ ಇಂಗಾಲಕ್ಕೂ ಹೀರಿಕೊಳ್ಳುವ ಇಂಗಾಲಕ್ಕೂ ಸರಿಹೋಗುವಂತೆ ಮಾಡುತ್ತೇವೆಂದು ಮೂರೂ ನಗರಗಳು ಮಾತು ಕೊಟ್ಟಿವೆ. ಮೂರರ ಹಿಂದೆಯೂ ಜಗತ್ತಿನ ದೊಡ್ಡ ನಗರಗಳ ಸಿ-40 ಒಕ್ಕೂಟ ನಿಂತಿರುವುದರಿಂದ ಒಕ್ಕಣೆ ಒಂದೇ ಆಗಿರುವುದರಲ್ಲಿ ಆಶ್ಚರ್ಯವಿಲ್ಲ.

ಹೋಲಿಸುವುದೆಂದರೆ ನಮಗೆ ಖುಷಿ. ಮೈಸೂರು 2015 ಮತ್ತು 2016ರಲ್ಲಿ ಸ್ವಚ್ಛತೆಯಲ್ಲಿ ದೇಶಕ್ಕೇ ಮೊದಲ ಸ್ಥಾನ ಪಡೆದಾಗ ಬೆಂಗಳೂರಿನವರನ್ನು ಛೇಡಿಸದ ಮೈಸೂರಿನವರು ಯಾರಿದ್ದರು? ನೆರೆಯೂರನ್ನು ನೋಡಿ ನಾಚುವುದರಿಂದ ಒಳ್ಳೆಯದೂ ಆಗುತ್ತದೆ, ಸ್ವಲ್ಪ. ಆದರೆ ಹವಾಮಾನದ ವಿಷಯದಲ್ಲಿ ಯಾವುದನ್ನು ಯಾವುದರ ಪಕ್ಕ ಇಟ್ಟು ತೂಗಬೇಕು ಎಂಬುದು ಅಷ್ಟು ಸಲೀಸಲ್ಲ. ಒಂದು ಪುಸ್ತಕದ ಪಕ್ಕ ಇನ್ನೊಂದು ಪುಸ್ತಕ ಇಟ್ಟರೆ ಒಕ್ಕಣೆಯ ವ್ಯತ್ಯಾಸ ಸಿಗುತ್ತದೆ, ಅಷ್ಟೇ.

ಮೊದಲು ಕೈಯಲ್ಲಿ ಎಷ್ಟಿದೆ ಎಂಬುದನ್ನು ನೋಡೋಣ. ಮುಂಬೈ ಪಾಲಿಕೆಯ 2024-25ರ ಬಜೆಟ್ ಸುಮಾರು 60 ಸಾವಿರ ಕೋಟಿ ರೂಪಾಯಿ. ಅದೇ ಸಾಲಿನಲ್ಲಿ ಬೆಂಗಳೂರು ಪಾಲಿಕೆಯದು 12 ಸಾವಿರ ಕೋಟಿಯ ಆಸುಪಾಸು. ಮುಂಬೈಯಲ್ಲಿ ಕುಡಿಯುವ ನೀರು ಪಾಲಿಕೆಯದೇ. ಬೆಸ್ಟ್ ಬಸ್ಸುಗಳೂ ಪಾಲಿಕೆಯ ಅಂಗಸಂಸ್ಥೆಗೇ ಸೇರಿದವು. ಬೆಂಗಳೂರಿನಲ್ಲಿ ನೀರು ಜಲಮಂಡಳಿಯದು, ಕರೆಂಟು ಬೆಸ್ಕಾಂನದು, ಬಸ್ಸು ಬಿಎಂಟಿಸಿಯದು, ಮೆಟ್ರೊಗೆ ಬೇರೆ ನಿಗಮ, ಬಡಾವಣೆಗೆ ಬಿಡಿಎ. ಪಾಲಿಕೆಯ ಪಾಲಿಗೆ ಉಳಿದದ್ದು ಕಸ, ರಸ್ತೆ, ರಾಜಕಾಲುವೆ, ಪಾರ್ಕು, ಒಂದಿಷ್ಟು ಕೆರೆ. ಮುಂಬೈ ತನ್ನ ಹೊಗೆಯ ಲೆಕ್ಕ ತೆಗೆದಾಗ 2019ರಲ್ಲಿ ಸುಮಾರು 2.34 ಕೋಟಿ ಟನ್ ಬಂತು, ಅದರಲ್ಲಿ ನೂರಕ್ಕೆ 72 ಪಾಲು ಕಟ್ಟಡಗಳು ಉರಿಸುವ ಕರೆಂಟು ಮತ್ತು ಇಂಧನದ್ದು. ಬೆಂಗಳೂರಿನಲ್ಲೂ ದೊಡ್ಡ ಪಾಲು ಕರೆಂಟಿನದೇ. ಅಂದರೆ ಬೆಂಗಳೂರಿನ ಪಾಲಿಕೆ ತನ್ನ ಕೈಯಲ್ಲಿಲ್ಲದ ಕೀಲಿಗೆ ತಾನೇ ಹೊಣೆ ಎಂದು ಬರೆದುಕೊಟ್ಟಿದೆ. ಪಾಲಿಕೆಯ ಪುಸ್ತಕದಲ್ಲಿ ಬೆಸ್ಕಾಂ ಮಾಡಬೇಕಾದ ಕೆಲಸ ಎಷ್ಟೇ ಚೆಂದವಾಗಿ ಬರೆದಿದ್ದರೂ ಬೆಸ್ಕಾಂ ಅದನ್ನು ಬಿಡಿಸಿ ನೋಡಲೇಬೇಕೆಂಬ ಕಾನೂನಿಲ್ಲ.

ಮುಂಬೈ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2024ರಲ್ಲಿ ಹವಾಮಾನ ಬಜೆಟ್ ಎಂಬುದನ್ನು ಹೊರತಂದು, ಪಾಲಿಕೆ ಖರ್ಚು ಮಾಡುವ ದುಡ್ಡಿನಲ್ಲಿ ಎಷ್ಟು ಪಾಲು ಈ ಕೆಲಸಕ್ಕೆ ಸಲ್ಲುತ್ತದೆ ಎಂದು ತೋರಿಸಿತು. ಈ ಕ್ರಮವನ್ನು ಮೊದಲು ಹಾಕಿಕೊಟ್ಟದ್ದು ನಾರ್ವೆಯ ಓಸ್ಲೋ ನಗರ. ಬೆಂಗಳೂರಿನಲ್ಲಿ ಪಾಲಿಕೆಯೊಳಗೆ ಹವಾಮಾನ ಕ್ರಿಯಾ ಕೋಶ ಒಂದು ಹುಟ್ಟಿತು. ಕೋಶಕ್ಕಿಂತ ಖಜಾನೆ ದೊಡ್ಡದು ಎಂಬುದು ಸರ್ಕಾರಿ ಕಚೇರಿ ಕಂಡ ಯಾರಿಗಾದರೂ ಗೊತ್ತು. ಹಾಗಾಗಿ ಈ ಒಂದು ವಿಷಯದಲ್ಲಿ ಮುಂಬೈಗೆ ಹೆಚ್ಚು ಅಂಕ ಕೊಡಲು ನನಗೆ ಸಂಕೋಚವಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಬೇರೆ. ಮಾತು ಕೊಟ್ಟವರು ಯಾರು?

ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಯೋಜನೆ ಬಿಡುಗಡೆಯಾಗುವ ಹೊತ್ತಿಗೆ ನಗರಕ್ಕೆ ಕಾರ್ಪೊರೇಟರೇ ಇಲ್ಲದೆ ಮೂರು ವರ್ಷ ಕಳೆದಿತ್ತು. ಮುಂಬೈಯ ಕತೆ ಇದಕ್ಕಿಂತ ವಿಚಿತ್ರ: ಅಲ್ಲಿನ ಪಾಲಿಕೆಯ ಅವಧಿ ಮುಗಿದದ್ದು 2022ರ ಮಾರ್ಚ್ ಮೊದಲ ವಾರ, ಯೋಜನೆ ಹೊರಬಿದ್ದದ್ದು ಅದರ ಮರುವಾರ. ಆಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ಆಡಳಿತಾಧಿಕಾರಿಯೇ ಮುಂಬೈಯನ್ನು ನಡೆಸಿದರು. ಮೂರು ನಗರಗಳಲ್ಲಿ ಚೆನ್ನೈಯೊಂದರಲ್ಲಿ ಮಾತ್ರ ಜನ ಆರಿಸಿದ ಕೌನ್ಸಿಲ್ ಇದ್ದಾಗ ಯೋಜನೆ ಬಂತು. ಮೈಸೂರಿನಲ್ಲೂ 2023ರ ನವೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು.

ಪುಣ್ಯಕೋಟಿಯ ಕತೆ ಕೇಳಿ ಬೆಳೆದ ಜನ ನಾವು. ಆ ಕತೆಯಲ್ಲಿ ಹುಲಿಗೆ ಮಾತು ಕೊಟ್ಟ ಹಸು ತಾನೇ ಹಿಂದಿರುಗಿ ಬರುತ್ತದೆ. ತನಗೆ ವರ್ಗಾವಣೆಯಾಗಿದೆ, ಚಾರ್ಜು ವಹಿಸಿಕೊಂಡ ಇನ್ನೊಂದು ಹಸು ಬಂದು ಕಾಣುತ್ತದೆ ಎಂದು ಹೇಳಿ ಕಳಿಸುವುದಿಲ್ಲ. ಬೆಂಗಳೂರಿನ ಆಯುಕ್ತರು ಎಷ್ಟು ದಿನ ಒಂದೇ ಕುರ್ಚಿಯಲ್ಲಿ ಕೂರುತ್ತಾರೆ ಎಂಬುದನ್ನು ಬಲ್ಲವರಿಗೆ 2050 ಎಂಬ ಅಂಕಿ ಓದಿದಾಗ ನಗು ಬರಬಹುದು. ಅಧಿಕಾರಿಗಳನ್ನು ದೂರುವುದು ನನ್ನ ಉದ್ದೇಶವಲ್ಲ. ಈ ಯೋಜನೆಗಳನ್ನು ಬರೆದವರಲ್ಲಿ ಕಾಳಜಿಯುಳ್ಳ ಎಂಜಿನಿಯರುಗಳಿದ್ದಾರೆ, ರಾತ್ರಿ ನಿದ್ದೆಗೆಟ್ಟು ಲೆಕ್ಕ ಹಾಕಿದ ಹುಡುಗ ಹುಡುಗಿಯರಿದ್ದಾರೆ. ಆದರೆ ಕೊಟ್ಟ ಮಾತು ತಪ್ಪಿದರೆ ಬಂದು ಕೇಳಲು ಒಬ್ಬ ಮನುಷ್ಯ ಸಿಗಬೇಕು. ಆ ಮನುಷ್ಯನೇ ಇಲ್ಲದ ಕಾಲದಲ್ಲಿ ಕೊಟ್ಟ ಮಾತು ಇದು. ಇತ್ತ ಯೋಜನೆಯ ಪುಸ್ತಕ ಕಪಾಟು ಸೇರುತ್ತಿದ್ದಂತೆ ಅತ್ತ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಕಾರುಗಳಿಗಾಗಿ ಸುಮಾರು 17 ಕಿಲೊಮೀಟರ್ ಸುರಂಗ ಕೊರೆಯುವ ಮಾತು ಜೋರಾಯಿತು, 17 ಸಾವಿರ ಕೋಟಿಗೂ ಮೇಲ್ಪಟ್ಟ ಅಂದಾಜು. ಎರಡನ್ನೂ ಒಂದೇ ನಗರ ಹೇಗೆ ಮಾಡುತ್ತದೆ ಎಂದು ಕೇಳಲು ಪಾಲಿಕೆ ಸಭೆಯಲ್ಲಿ ಒಬ್ಬ ಸದಸ್ಯನೂ ಇರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಇದೊಂದು ಆಡಳಿತದ ದೂರು ಆಗುತ್ತದೆ. ನನಗೆ ಹೇಳಬೇಕಾದದ್ದು ಊರ ಗಡಿಯ ಹೊರಗಿದೆ.

ಕೋಲಾರ, ಬೆಂಗಳೂರು, ತುಮಕೂರು ಸೀಮೆಯಲ್ಲಿ ನದಿ ಕಡಿಮೆ, ಕೆರೆ ಜಾಸ್ತಿ. ಆ ಕೆರೆಗಳನ್ನು ಬಿಡಿಬಿಡಿಯಾಗಿ ಕಟ್ಟಿದ್ದಲ್ಲ, ಸರಣಿಯಲ್ಲಿ ಕಟ್ಟಿದ್ದು. ಮೇಲಿನೂರ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆ ಹಿಡಿದು ಕೆಳಗಿನೂರ ಕೆರೆಗೆ ಹೋಗಬೇಕು. ಕೋಡಿಯ ಕಲ್ಲನ್ನು ಎಷ್ಟು ಎತ್ತರಕ್ಕೆ ಇಡಬೇಕೆಂಬುದು ಮೇಲಿನೂರಿನವರ ಮರ್ಜಿಗೆ ಬಿಟ್ಟ ವಿಷಯವಾಗಿರಲಿಲ್ಲ. ತೂಬು ಎತ್ತಿ ಇಳಿಸಲು ನೀರಗಂಟಿ ಇದ್ದ, ಹೂಳೆತ್ತಲು ಊರೆಲ್ಲ ಕೈಹಾಕುತ್ತಿತ್ತು. ಆ ಕಾಲವನ್ನು ಬಂಗಾರದ ಕಾಲವೆಂದು ಬಣ್ಣಿಸುವವರ ಜೊತೆ ನನಗೆ ಜಗಳವಿದೆ. ಕೆರೆಯ ಏರಿ ಹತ್ತಲು ಬಿಡದ ಜಾತಿಗಳು ಅಲ್ಲೇ ಇದ್ದವು, ಕೋಡಿಕಲ್ಲನ್ನು ರಾತ್ರೋರಾತ್ರಿ ಎತ್ತರಿಸಿ ಬಡಿದಾಡಿದ ಊರುಗಳೂ ಇದ್ದವು. ಆದರೂ ಬಡಿದಾಟಕ್ಕೆ ಬರಬೇಕಾದರೆ ಕೆಳಗೊಂದು ಊರಿದೆ, ಅದಕ್ಕೊಂದು ಹಕ್ಕಿದೆ ಎಂಬುದು ಎರಡೂ ಕಡೆಯವರಿಗೆ ಗೊತ್ತಿರಬೇಕು. ಇಂದಿನ ಹವಾಮಾನ ಯೋಜನೆಗಳಲ್ಲಿ ನಾನು ಹುಡುಕುವುದು ಕೆಳಗಿನ ಆ ಊರನ್ನು.

ಬೆಂಗಳೂರು ದಿಣ್ಣೆಯ ಮೇಲಿನ ಊರು. ಹೆಬ್ಬಾಳ ಕಣಿವೆ, ಕೋರಮಂಗಲ–ಚಲ್ಲಘಟ್ಟ ಕಣಿವೆ, ವೃಷಭಾವತಿ ಕಣಿವೆ, ಈ ಮೂರೂ ಕಡೆಗೆ ಅದರ ನೀರು ಇಳಿಯುತ್ತದೆ. ಬಿದ್ದ ಮಳೆಯ ಜೊತೆ ನಮ್ಮ ಬಚ್ಚಲು, ಪಾಯಿಖಾನೆ, ಕಾರ್ಖಾನೆಯ ನೀರೂ ಇಳಿಯುತ್ತದೆ. 2017ರ ಫೆಬ್ರುವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಹೊತ್ತಿಕೊಂಡಾಗ ಜಗತ್ತಿನ ಪತ್ರಿಕೆಗಳೆಲ್ಲ ಚಿತ್ರ ಹಾಕಿದವು. ಅದೇ ನೀರು ವರ್ತೂರು ದಾಟಿ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿನ ಹೊಸೂರಿನ ಹತ್ತಿರ ಕೆಲವರಪಳ್ಳಿ ಜಲಾಶಯಕ್ಕೆ ಹೋಗುತ್ತದೆ. ಅಲ್ಲಿ ಗೇಟು ಎತ್ತಿದಾಗಲೆಲ್ಲ ಹತ್ತಿಯ ರಾಶಿಯಂತೆ ನೊರೆ ಏಳುತ್ತದೆ. ಹೊಸೂರೂ ಈಗ ಒಂದು ಮಹಾನಗರ ಪಾಲಿಕೆಯೇ, ಬೆಂಗಳೂರಿನಿಂದ 40 ಕಿಲೊಮೀಟರ್ ದೂರದಲ್ಲಿ. ನೆರೆಯೂರ ಹವಾಮಾನ ನೀತಿಗೂ ನಮ್ಮೂರ ನೀತಿಗೂ ಏನು ವ್ಯತ್ಯಾಸ ಎಂದು ಕೇಳುವವರು ಮೊದಲು ಆ ಜಲಾಶಯದ ಬಳಿ ನಿಂತು ಬರಬೇಕು. ಹೊಸೂರಿನ ಪಾಲಿಕೆ ಎಷ್ಟೇ ಒಳ್ಳೆಯ ಯೋಜನೆ ಬರೆದರೂ ಆ ನೊರೆಯ ಮುಂದೆ ಅದು ನಡೆಯುವುದಿಲ್ಲ. ನೊರೆಯ ಗುಂಡಿ ಇರುವುದು ನಮ್ಮ ಮನೆಗಳ ಬಟ್ಟೆ ಒಗೆಯುವ ಮೆಷಿನ್ನಿನಲ್ಲಿ.

ಕೋಲಾರದ ಕತೆಯನ್ನು ಸ್ವಲ್ಪ ಹೆಚ್ಚು ಹೊತ್ತು ಹೇಳಬೇಕು, ಏಕೆಂದರೆ ಅಲ್ಲಿ ಒಳಿತೂ ಕೆಡುಕೂ ಒಂದೇ ಪೈಪಿನಲ್ಲಿ ಬಂದಿವೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರನ್ನು ಪಂಪು ಮಾಡಿ ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ ಎಂಬುದು ಯೋಜನೆಯ ಗುರಿ. ಸಾವಿರದೈನೂರು ಅಡಿ ಕೊರೆದರೂ ಬರೀ ಧೂಳು ಬರುತ್ತಿದ್ದ ಸೀಮೆಯದು. ಬಂದ ನೀರನ್ನು ಕಂಡು ಜನ ಪೂಜೆ ಮಾಡಿದರು. ಮರು ತಿಂಗಳೇ ಅದೇ ಕೆರೆಯಲ್ಲಿ ನೊರೆ ಕಾಣಿಸಿತು. ವಿಷಯ ಕೋರ್ಟಿಗೆ ಹೋಯಿತು, ನೀರು ನಿಂತಿತು, ಮತ್ತೆ ಹರಿಯಿತು.

ಅಲ್ಲಿನ ಹೋರಾಟಗಾರರು ಅಂದಿನಿಂದ ಇಂದಿನವರೆಗೂ ಕೇಳುತ್ತಿರುವುದು ಒಂದೇ: ಎರಡು ಹಂತದಲ್ಲಿ ಶುದ್ಧ ಮಾಡಿ ಕಳಿಸುತ್ತಿದ್ದೀರಿ, ಮೂರನೇ ಹಂತದ ಶುದ್ಧೀಕರಣ ಮಾಡಿ ಕಳಿಸಿ. ಕೆರೆ ತುಂಬಿದ ಮೇಲೆ ಬತ್ತಿದ ಬೋರ್‌ವೆಲ್‌ಗಳಿಗೆ ಜೀವ ಬಂತು ಎಂದು ಹೇಳುವ ರೈತರೂ ಅಲ್ಲೇ ಇದ್ದಾರೆ, ಅದು ಸುಳ್ಳಲ್ಲ. ಟೊಮ್ಯಾಟೊ ತೋಟ ಮತ್ತೆ ಹಸಿರಾಗಿದೆ. ಅದೇ ಟೊಮ್ಯಾಟೊ ಲಾರಿ ಏರಿ ನಮ್ಮ ಅಡುಗೆಮನೆಗೆ ಬರುತ್ತದೆ. ಹಾಗಾದರೆ ಇದು ದಾನವೋ, ವ್ಯಾಪಾರವೋ, ಮನೆಯ ಮುಂದಿನ ಕಸವನ್ನು ಪಕ್ಕದ ಮನೆಯ ಮುಂದಕ್ಕೆ ಗುಡಿಸುವುದೋ? ಮೂರೂ ಹೌದೆಂದು ನನಗೆ ಅನಿಸುತ್ತದೆ. ಯೋಜನೆಯ ಪುಸ್ತಕದಲ್ಲಿ ಇದನ್ನು ನೀರಿನ ಮರುಬಳಕೆ ಎಂದು ಬರೆದುಕೊಳ್ಳಬಹುದು, ತಪ್ಪಿಲ್ಲ. ಆದರೆ ನಾವು ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳಕ್ಕೆ ಬಿಟ್ಟುಕೊಳ್ಳದ ನೀರನ್ನು ಅವರ ಕೆರೆಗೆ ಬಿಡುವಾಗ, ಅದರಿಂದ ಅವರ ಅಂತರ್ಜಲಕ್ಕೆ ಏನಾಗುತ್ತದೆ ಎಂಬ ಪರೀಕ್ಷೆಯ ವರದಿ ಪ್ರತಿ ತಿಂಗಳೂ ಅವರ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಬೇಕು. ಆ ಖರ್ಚು ಬೆಂಗಳೂರಿನದಾಗಬೇಕು. ಇದು ದೊಡ್ಡ ಮೊತ್ತವೇನಲ್ಲ.

ಪಶ್ಚಿಮಕ್ಕೆ ವೃಷಭಾವತಿ. ಅದರ ಕೊಳಚೆ ಬಿಡದಿಯ ಹತ್ತಿರದ ಬೈರಮಂಗಲ ಕೆರೆಗೆ ಹೋಗಿ ಅಲ್ಲಿಂದ ಅರ್ಕಾವತಿ, ಆಮೇಲೆ ಕಾವೇರಿ. ಆ ನೀರಿನಲ್ಲಿ ಬೆಳೆದ ಮೇವು ತಿಂದ ಹಸುವಿನ ಹಾಲು ಎಲ್ಲಿಗೆ ಬರುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ನೀರಾದ ಮೇಲೆ ಕಸ. ಹಳೆ ಮದ್ರಾಸ್ ರಸ್ತೆಯಾಚೆಯ ಮಂಡೂರಿನ ಜನ ರಸ್ತೆಗಿಳಿದು ಕೂತ ಮೇಲೆ 2014ರ ಕೊನೆಗೆ ಅಲ್ಲಿಗೆ ಬೆಂಗಳೂರಿನ ಕಸ ಹಾಕುವುದು ನಿಂತಿತು. ಅದಕ್ಕೂ ಮೊದಲು ಮಾವಳ್ಳಿಪುರ, ಆಮೇಲೆ ಮಿಟ್ಟಗಾನಹಳ್ಳಿ. ಹವಾಮಾನದ ಲೆಕ್ಕ ಹಾಕುವವರು ನಗರದ ಹೊರಗೆ ಸುರಿದ ಕಸದಿಂದ ಹೊಮ್ಮುವ ಮಿಥೇನನ್ನು ನಗರದ ಖಾತೆಗೇ ಬರೆಯುತ್ತಾರೆ, ಹೊರಗಿನಿಂದ ಬರುವ ಕರೆಂಟಿನ ಹೊಗೆಯನ್ನೂ ನಗರಕ್ಕೇ ಸೇರಿಸುತ್ತಾರೆ. ಆ ಮಟ್ಟಿಗೆ ಲೆಕ್ಕ ಪ್ರಾಮಾಣಿಕ. ಆದರೆ ಲೆಕ್ಕದಲ್ಲಿ ಮಂಡೂರಿನ ಮಿಥೇನ್ ಇದೆ, ಮಂಡೂರಿನ ಬಾವಿ ಇಲ್ಲ. ಕಸದ ಗುಡ್ಡದ ಪಕ್ಕ ಹೆಣ್ಣು ಕೊಡಲು ಹಿಂಜರಿದ ನೆಂಟರಿಲ್ಲ, ನೊಣ ಮುತ್ತಿದ ಅನ್ನದ ತಟ್ಟೆಯಿಲ್ಲ. ಟನ್ನಿನಲ್ಲಿ ಅಳೆಯಲು ಬಾರದ್ದನ್ನು ಬಿಟ್ಟುಬಿಡುವುದು ಲೆಕ್ಕಿಗನಿಗೆ ಅನಿವಾರ್ಯ ಇರಬಹುದು, ನಗರಕ್ಕೆ ಅಲ್ಲ.

ಇನ್ನು ಕರೆಂಟು. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿದು ಬೂದಿ ಅಲ್ಲೇ ಉಳಿಯುತ್ತದೆ, ಬೆಳಕು ಇಲ್ಲಿಗೆ ಬರುತ್ತದೆ. ಇದಕ್ಕೆ ಪರಿಹಾರವೆಂದು ನಾವೆಲ್ಲ ಕೈತೋರಿಸುವ ಪಾವಗಡದ ಸೌರ ಪಾರ್ಕಿನಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಉತ್ಪಾದನೆಗೆ ಫಲಕಗಳನ್ನು ಹಾಸಿದ್ದಾರೆ. ಅಲ್ಲಿ ಭೂಮಿಯನ್ನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದರು, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುಮಾಡಿ ಕಾಲಕಾಲಕ್ಕೆ ಏರಿಸುವ ಕರಾರು. ಬರದ ಸೀಮೆಯ ರೈತನಿಗೆ ಇದು ಮರ್ಯಾದೆಯ ಒಪ್ಪಂದ, ನಾನು ಮೆಚ್ಚುತ್ತೇನೆ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವನಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಗುತ್ತಿಗೆ ಕೊಡಲು ಭೂಮಿಯೇ ಇರಲಿಲ್ಲ. ನಮ್ಮ ಹಸಿರು ಕರೆಂಟಿನ ಬಿಲ್ಲಿನಲ್ಲಿ ಆತನ ಹೆಸರಿಗೊಂದು ಸಾಲು ಇರಬೇಕಿತ್ತು.

ಬೇರೆ ನಗರಗಳೇನೂ ಹೆಚ್ಚು ಸಾಚಾ ಅಲ್ಲ. ಮುಂಬೈಗೆ ಭಾತ್ಸಾ, ವೈತರಣಾ ಜಲಾಶಯಗಳಿಂದ ನೂರು ಕಿಲೊಮೀಟರ್ ದೂರ ಇಳಿಜಾರಿನಲ್ಲೇ ಹರಿದು ನೀರು ಬರುತ್ತದೆ. ಆ ಜಲಾಶಯಗಳಿರುವ ಶಹಾಪುರ ತಾಲ್ಲೂಕಿನ ಆದಿವಾಸಿ ಹಾಡಿಗಳಲ್ಲಿ ಬೇಸಿಗೆ ಬಂದರೆ ಟ್ಯಾಂಕರ್‌ಗೆ ಕಾಯುತ್ತಾರೆ. ಚೆನ್ನೈ 2003ರಲ್ಲೇ ಮನೆಮನೆಗೂ ಮಳೆಕೊಯ್ಲು ಕಡ್ಡಾಯ ಮಾಡಿದ ಊರು; ಬೆಂಗಳೂರು ಅದನ್ನು ಮಾಡಿದ್ದು 2009ರಲ್ಲಿ, ಅದೂ ನಿವೇಶನದ ಅಳತೆ ನೋಡಿ. ಅಂಥ ಚೆನ್ನೈ ಕೂಡ 2019ರ ಬೇಸಿಗೆಯಲ್ಲಿ ಬತ್ತಿ, ಆ ಜುಲೈಯಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ 25 ಲಕ್ಷ ಲೀಟರ್ ನೀರು ತರಿಸಿಕೊಂಡಿತು. ಜೋಲಾರ್‌ಪೇಟೆಯ ಕಡೆಯವರು ತಮಗೇ ನೀರಿಲ್ಲವೆಂದು ಗೊಣಗಿದರು. ಹವಾಮಾನ ಯೋಜನೆ ಬಿಡುಗಡೆಯಾದ ಆರು ತಿಂಗಳಿಗೆ ಮಿಚಾಂಗ್ ಚಂಡಮಾರುತ ಚೆನ್ನೈಯನ್ನು ಮುಳುಗಿಸಿತು. ಆರು ತಿಂಗಳಲ್ಲಿ ಯಾವ ಯೋಜನೆಯೂ ಚಂಡಮಾರುತ ತಡೆಯದು, ಅದಕ್ಕಾಗಿ ಹಂಗಿಸುವುದು ಅನ್ಯಾಯ.

ಮೈಸೂರಿನ ಮಾತು ಬಿಡುವಂತಿಲ್ಲ. ಮೈಸೂರಿಗೆ ಹೆಸರು ಬಂದದ್ದು ದಪ್ಪ ಪುಸ್ತಕದಿಂದಲ್ಲ. ಕುಂಬಾರಕೊಪ್ಪಲಿನ ಘಟಕದಲ್ಲಿ ಹೆಂಗಸರು ಕೂತು ಕಸ ವಿಂಗಡಿಸುತ್ತಾರೆ, ಪ್ಲಾಸ್ಟಿಕ್ಕು, ಬಾಟಲಿ, ರಟ್ಟು ಬೇರೆಬೇರೆಯಾಗಿ ಮಾರಾಟವಾಗುತ್ತದೆ, ಹಸಿ ಕಸ ಗೊಬ್ಬರವಾಗುತ್ತದೆ. ತನ್ನ ವಾರ್ಡಿನ ಕಸವನ್ನು ತನ್ನ ವಾರ್ಡಿನ ಹತ್ತಿರವೇ ಮುಗಿಸಿಕೊಳ್ಳುವುದು ಎಂಬ ಸರಳ ವಿಷಯ. ಹವಾಮಾನ ಎಂಬ ಪದವನ್ನು ಬಳಸದೆಯೇ ಅವರು ಹವಾಮಾನದ ಕೆಲಸ ಮಾಡಿದರು. 2017ರಲ್ಲಿ ಟ್ರಿನ್ ಟ್ರಿನ್ ಎಂಬ ಬಾಡಿಗೆ ಸೈಕಲ್ಲುಗಳೂ ಬಂದವು. ಅದೇ ಮೈಸೂರಿನ ವಿದ್ಯಾರಣ್ಯಪುರಂನ ಸೂಯೆಜ್ ಫಾರಂನಲ್ಲಿ ಹಳೆಯ ಕಸ ಗುಡ್ಡವಾಗಿ ಬಿದ್ದು ಸುತ್ತಲಿನ ಬಡಾವಣೆಗಳ ಜನ ವರ್ಷಗಟ್ಟಲೆ ಮೂಗು ಮುಚ್ಚಿಕೊಂಡು ಬದುಕಿದರು. 2025ರ ಏಪ್ರಿಲ್‌ನಲ್ಲಿ ರಸ್ತೆ ಅಗಲ ಮಾಡಲೆಂದು ಹೈದರ್ ಅಲಿ ರಸ್ತೆಯ 40 ಮರ ಕಡಿದದ್ದೂ ಅದೇ ಊರಿನಲ್ಲಿ. ಪ್ರಶಸ್ತಿ ಬಂದ ಊರಿಗೂ ಒಂದು ಹಿತ್ತಲಿರುತ್ತದೆ.

ಮೈಸೂರು ಮತ್ತು ಬೆಂಗಳೂರನ್ನು ಕಟ್ಟಿಹಾಕಿರುವುದು ಕಾವೇರಿ. ಮೈಸೂರಿಗೆ ಕಾವೇರಿ ಕೂಗಳತೆಯಲ್ಲಿದ್ದಾಳೆ. ಬೆಂಗಳೂರಿಗೆ ನೂರು ಕಿಲೊಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಮೇಲಕ್ಕೆ ಎತ್ತಿ ತರಬೇಕು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಸೇರಿತು. ಅದೇ ವರ್ಷದ ಮಾರ್ಚ್‌ನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5 ಸಾವಿರ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಅದಕ್ಕೂ ಮುಂಚೆ, 2022ರ ಸೆಪ್ಟೆಂಬರ್‌ನಲ್ಲಿ, ಹೊರವರ್ತುಲ ರಸ್ತೆಯ ಐಟಿ ಕಂಪನಿಗಳವರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸುವಂಥ ನೆರೆ ಬಂದಾಗ, ಅದೇ ಮಳೆಗೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಪಂಪ್‌ಹೌಸ್ ಮುಳುಗಿ ಬೆಂಗಳೂರಿನ ನಲ್ಲಿಗಳು ಒಣಗಿದವು. ಬೀದಿಯಲ್ಲಿ ಎದೆಮಟ್ಟ ನೀರು, ನಲ್ಲಿಯಲ್ಲಿ ಹನಿಯಿಲ್ಲ. ಬೆಂಗಳೂರಿನ ಹವಾಮಾನದ ಗತಿ ಮಂಡ್ಯ ಜಿಲ್ಲೆಯ ಒಂದು ಊರಿನಲ್ಲಿ ನಿರ್ಧಾರವಾಗುತ್ತದೆಂದು ತಿಳಿಯಲು ಇದಕ್ಕಿಂತ ಬೇರೆ ಪಾಠ ಬೇಕೆ?

ಇದಕ್ಕೆ ಒಂದು ಉತ್ತರ ಬರುತ್ತದೆಂದು ಬಲ್ಲೆ. ಕರ್ನಾಟಕದ ಖಜಾನೆ ತುಂಬುವುದು ಬೆಂಗಳೂರು. ಕೋಲಾರದ ಹುಡುಗನಿಗೆ ಕೆಲಸ ಕೊಟ್ಟದ್ದು, ರಾಯಚೂರಿನ ಕಟ್ಟಡ ಕಾರ್ಮಿಕನಿಗೆ ಕೂಲಿ ಕೊಟ್ಟದ್ದು ಬೆಂಗಳೂರು. ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಎಲ್ಲೋ ಸರಿಹೋಗಿದೆ. ಮಾತಿನಲ್ಲಿ ಹುರುಳಿದೆ. ನಗರವೆಂದರೆ ಬರೀ ಹೀರುವ ಜಿಗಣೆ ಎನ್ನುವವರ ಪೈಕಿ ನಾನಲ್ಲ. ಹಳ್ಳಿಯಲ್ಲಿ ತಲೆ ಎತ್ತಲಾಗದ ಎಷ್ಟೋ ಮಂದಿಗೆ ಈ ನಗರ ಹೆಸರು, ಉಸಿರು ಎರಡನ್ನೂ ಕೊಟ್ಟಿದೆ. ಆದರೆ ತೆರಿಗೆ ಕಟ್ಟಿದವರು ಕೆರೆ ಕೆಡಿಸಬಹುದು ಎಂಬ ಕರಾರಿಗೆ ಕೋಲಾರದವರು ಯಾವತ್ತೂ ಸಹಿ ಹಾಕಿಲ್ಲ. ಪಾವಗಡದಲ್ಲಿ ಕಡೇಪಕ್ಷ ಕಾಗದದ ಮೇಲೆ ಕರಾರು ಇತ್ತು, ಬಾಡಿಗೆ ಇತ್ತು. ಮಂಡೂರಿನಲ್ಲಿ ಅದೂ ಇರಲಿಲ್ಲ. ಲಾರಿ ಬಂತು, ಸುರಿಯಿತು, ಹೋಯಿತು. ಕೇಳದೆ ಹೇರಿದ್ದಕ್ಕೂ ಕೇಳಿ ಪಡೆದದ್ದಕ್ಕೂ ಇರುವ ಅಂತರವನ್ನು ಯಾವ ತೆರಿಗೆಯೂ ಮುಚ್ಚುವುದಿಲ್ಲ.

ಆದ್ದರಿಂದ ನಗರ ನಗರಗಳ ಹವಾಮಾನ ನೀತಿಯನ್ನು ತೂಗುವಾಗ ನಾನು ಕೇಳುವ ಪ್ರಶ್ನೆಗಳು ಒಣ ಪ್ರಶ್ನೆಗಳು. ನಿಮ್ಮ ಯೋಜನೆಯ ಕರಡನ್ನು ಗಡಿಯಾಚೆಯ ಯಾವ ಪಂಚಾಯಿತಿಗೆ ಓದಿ ಹೇಳಿದ್ದೀರಿ? ನಿಮ್ಮ ಕಸ, ಕೊಳಚೆ, ಬೂದಿ ಬೀಳುವ ಊರಿನವರಿಗೆ ನಿಮ್ಮ ಸಭೆಯಲ್ಲಿ ಒಂದು ಕುರ್ಚಿ ಇದೆಯೆ? ನಿಮ್ಮ ಬಜೆಟ್ಟಿನಲ್ಲಿ ಅವರ ಹೆಸರಿಗೆ ಒಂದು ರೂಪಾಯಿ ಇದೆಯೆ? ಈ ಮೂರು ಪ್ರಶ್ನೆಯಲ್ಲಿ ಮುಂಬೈ, ಚೆನ್ನೈ, ಬೆಂಗಳೂರು, ಮೈಸೂರು ಯಾವುದೂ ಪಾಸಾಗುವ ಲಕ್ಷಣ ನನಗೆ ಕಾಣುವುದಿಲ್ಲ. ಯಾರು ಮುಂದೆ, ಯಾರು ಹಿಂದೆ ಎಂಬ ಜಗಳ ಆಮೇಲಿನದು.

ಈಗ ಹೊಸದೊಂದು ಸಂದರ್ಭ ಒದಗಿದೆ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕಾಯ್ದೆಯ ಅಡಿಯಲ್ಲಿ 2025ರ ಸೆಪ್ಟೆಂಬರ್‌ನಿಂದ ಬೆಂಗಳೂರು ಐದು ಪಾಲಿಕೆಗಳಾಗಿದೆ: ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ನಿನ್ನೆಯವರೆಗೆ ಒಂದೇ ಮನೆಯ ಕೋಣೆಗಳಂತಿದ್ದವು ಇಂದು ನೆರೆಹೊರೆಯಾಗಿವೆ. ಮೆಜೆಸ್ಟಿಕ್ ಕಡೆಯಿಂದ ಹೊರಡುವ ರಾಜಕಾಲುವೆ ಕೋರಮಂಗಲ ದಾಟಿ ಬೆಳ್ಳಂದೂರಿಗೆ ಸೇರುತ್ತದೆ, ಅಂದರೆ ಕೇಂದ್ರ ಪಾಲಿಕೆಯ ಕೊಳಚೆ ಪೂರ್ವ ಪಾಲಿಕೆಯ ಕೆರೆಗೆ. ಮಡಿವಾಳ, ಅಗರ ಕೆರೆಗಳ ಕೋಡಿಯೂ ಅಲ್ಲಿಗೇ. ಮಂಡೂರಿನವರು ಇಷ್ಟು ವರ್ಷ ಹೇಳಿಕೊಂಡದ್ದನ್ನು ಇನ್ನು ಮುಂದೆ ಬೆಳ್ಳಂದೂರಿನ ಲಕ್ಷ ಸಂಬಳದ ಅಪಾರ್ಟ್‌ಮೆಂಟಿನವರು ಹೇಳಿಕೊಳ್ಳಬೇಕಾಗಬಹುದು. ಅವರ ಇಂಗ್ಲಿಷು ಚೆನ್ನಾಗಿರುವುದರಿಂದ ಬೇಗ ಕಿವಿಗೆ ಬೀಳಲೂಬಹುದು. ಒಬ್ಬರ ಕೊಳಚೆ ಇನ್ನೊಬ್ಬರ ಅಂಗಳಕ್ಕೆ ಹೋಗುವುದನ್ನು ಈ ಐದು ಪಾಲಿಕೆಗಳು ತಮ್ಮೊಳಗೆ ಹೇಗೆ ಬಗೆಹರಿಸಿಕೊಳ್ಳುತ್ತವೆ ಎಂಬುದರ ಮೇಲೆ ಹೊಸೂರು, ಕೋಲಾರ, ಬಿಡದಿಗಳ ಜೊತೆ ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಊಹಿಸಬಹುದು. ಕಾಯ್ದೆ ಬರೆದಿರುವುದು ಐದನ್ನೂ ಒಂದು ಪ್ರಾಧಿಕಾರದ ಕೆಳಗೆ ತಂದು. ಹಾಗಾಗಿ ಹವಾಮಾನದ ಯೋಜನೆಯನ್ನು ಹೊಸದಾಗಿ ಬರೆಯುವ ಅವಕಾಶ ಆ ಪ್ರಾಧಿಕಾರಕ್ಕಿದೆ. ಈ ಸಲ ನಕ್ಷೆಯನ್ನು ವಾರ್ಡಿನ ಗೆರೆಯಿಂದ ಶುರುಮಾಡದೆ ಮೂರು ಕಣಿವೆಗಳಿಂದ ಶುರುಮಾಡಲಿ, ಕಣಿವೆ ಎಲ್ಲಿ ಮುಗಿಯುತ್ತದೋ ಅಲ್ಲಿಯವರನ್ನೂ ಕರೆಸಲಿ.

ಅಧಿಕಾರಿಗಳು ಇದನ್ನು ತಾವಾಗಿ ಮಾಡುವುದಿಲ್ಲ, ಮಾಡಬೇಕೆಂದು ಅವರಿಗೆ ಯಾರೂ ಹೇಳಿಲ್ಲ. ಹೇಳಬೇಕಾದವರು ನಾವು. ಬೆಂಗಳೂರಾಗಲಿ ಮೈಸೂರಾಗಲಿ, ಪಾಲಿಕೆ ಚುನಾವಣೆಗೆ ಓಟು ಕೇಳಿಕೊಂಡು ಬಾಗಿಲಿಗೆ ಬಂದವರನ್ನು ರಸ್ತೆಗುಂಡಿಯ ಬಗ್ಗೆ ಕೇಳಿ, ಬೀದಿದೀಪದ ಬಗ್ಗೆ ಕೇಳಿ, ಜೊತೆಗೆ ಇದನ್ನೂ ಕೇಳಿ: ನಮ್ಮ ವಾರ್ಡಿನ ಕಸ, ನಮ್ಮ ಬಚ್ಚಲಿನ ನೀರು ಕೊನೆಗೆ ಯಾವ ಊರಿಗೆ ಹೋಗುತ್ತದೆ, ನೀವು ಗೆದ್ದರೆ ಆ ಊರಿಗೆ ಒಮ್ಮೆ ಹೋಗಿ ಬರುತ್ತೀರಾ? ಉತ್ತರ ಗೊತ್ತಿಲ್ಲದ ಅಭ್ಯರ್ಥಿಗೆ ತಿಳಿದುಕೊಂಡು ಬರಲು ಒಂದು ವಾರ ಸಮಯ ಕೊಡಿ, ಮತ್ತೆ ಬರದಿದ್ದರೆ ಓಟು ಕೊಡಬೇಡಿ.